ಜಡ್ಜ್ ನಗಲಿಲ್ಲ ಅಂತ ಕೇಸ್ ಟ್ರಾನ್ಸ್‌ಫರ್ ಆಗಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಸರ್, ನಮ್ಮ ಸಿವಿಲ್ ಕೇಸನ್ನು ಬೇರೆ ಕೋರ್ಟಿಗೆ ಹಾಕಿಸಬಹುದಾ?" ಹಾಕಿಸಬಹುದು. ಆದರೆ ನೀವು ಕೊಡುವ ಕಾರಣ ಓದಿದರೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಪ್ರಶ್ನೆ: ತಮ್ಮನ ಮೇಲೆ ಆಸ್ತಿ ಭಾಗಕ್ಕೆ ದಾವೆ ಹಾಕಿದ್ದೇನೆ. ಜಮೀನು ಮಾರದಂತೆ ತಡೆಯಾಜ್ಞೆ ಕೇಳಿದ್ದೆ, ಅರ್ಜಿ ವಜಾ ಆಯಿತು. ಅವನ ಲಾಯರ್ ಮಾತಾಡಿದರೆ ಜಡ್ಜ್ ನಗುತ್ತಾರೆ, ನಮ್ಮವರು ಎದ್ದು ನಿಂತರೆ ಗಡಿಯಾರ ನೋಡುತ್ತಾರೆ. ಕೋರ್ಟ್ ಮುಂದಿನ ಹೋಟೆಲಿನಲ್ಲಿ ಪರಿಚಯವಾದವರೊಬ್ಬರು 20 ಸಾವಿರ ಕೊಟ್ಟರೆ ನೇರ ಹೈಕೋರ್ಟಿಗೇ ಟ್ರಾನ್ಸ್‌ಫರ್ ಮಾಡಿಸುತ್ತೇನೆ ಅಂದಿದ್ದಾರೆ. ಕೊಡಲಾ? (ಹಾಸನ ಜಿಲ್ಲೆಯಿಂದ)

ಉತ್ತರ: ಕೊಡಬೇಡಿ. ಕಾಫಿ ಕುಡಿಸಿದ್ದರೆ ಅದನ್ನೂ ಲೆಕ್ಕಕ್ಕೆ ಬರೆದುಕೊಳ್ಳಿ, ಅದೂ ನಷ್ಟವೇ. ನಮ್ಮ ಹೈಕೋರ್ಟಿನಲ್ಲಿ ಭಾಗದ ದಾವೆಗಳ ಸಾಕ್ಷಿ, ಪಾಟೀಸವಾಲು ನಡೆಯುವುದಿಲ್ಲ. ಬಾಂಬೆ, ಮದ್ರಾಸ್, ದೆಹಲಿ ಹೈಕೋರ್ಟುಗಳಲ್ಲಿ ದೊಡ್ಡ ಮೊತ್ತದ ದಾವೆಗಳು ಮೊದಲ ಹಂತದಲ್ಲೇ ನಡೆಯುತ್ತವೆ, ಅಲ್ಲಿನ ಏರ್ಪಾಡು ಬೇರೆ. ಕೆಳಗಿನ ಕೇಸನ್ನು ತಾನೇ ತೆಗೆದುಕೊಂಡು ನಡೆಸುವ ಅಧಿಕಾರ ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 24ರಲ್ಲಿ ಹೈಕೋರ್ಟಿಗೆ ಇದೆ, ನಿಜ. ಆದರೆ ಅಣ್ಣ ತಮ್ಮಂದಿರ ತೋಟದ ಜಗಳಕ್ಕೆ ಅದನ್ನು ಬಳಸುವುದಿಲ್ಲ. ಬಳಸಿದರೂ ನಷ್ಟ ನಿಮಗೇ, ಮೇಲ್ಮನವಿಯ ಒಂದು ಮೆಟ್ಟಿಲು ಕಳೆದುಕೊಳ್ಳುತ್ತೀರಿ.

ನಿಮ್ಮ ನಿಜವಾದ ತೊಂದರೆ ನಗುವೂ ಅಲ್ಲ, ಗಡಿಯಾರವೂ ಅಲ್ಲ. ತಡೆಯಾಜ್ಞೆ ಅರ್ಜಿ ವಜಾ ಆದದ್ದು. ಅದಕ್ಕೆ ಇರುವ ದಾರಿ ಮೇಲ್ಮನವಿ. ಅದಕ್ಕೆ ದಿನದ ಲೆಕ್ಕ ಇದೆ: ಹೈಕೋರ್ಟಿಗೆ ಹೋಗಬೇಕಾದರೆ 90 ದಿನ, ಅದಕ್ಕಿಂತ ಕೆಳಗಿನ ಕೋರ್ಟಿಗಾದರೆ 30. ಆದೇಶ ಆಗಿ ಎಷ್ಟು ದಿನವಾಯಿತು ಅಂತ ನೀವು ಬರೆದೇ ಇಲ್ಲ. ಜಡ್ಜ್ ಮುಖಭಾವದ ಬಗ್ಗೆ ಮಾತ್ರ ಎರಡು ಪುಟ ಬರೆದಿದ್ದೀರಿ! ನೀವು ಟ್ರಾನ್ಸ್‌ಫರ್ ಅಂತ ಓಡಾಡುವಷ್ಟರಲ್ಲಿ ನಿಮ್ಮ ತಮ್ಮ ಆ ಜಮೀನು ಮಾರಿ ಕ್ರಯಪತ್ರ ನೋಂದಣಿ ಮಾಡಿಸಿರುತ್ತಾನೆ.

ಆದೇಶ ನಮ್ಮ ವಿರುದ್ಧ ಬಂತು ಅನ್ನುವುದು ಟ್ರಾನ್ಸ್‌ಫರ್‌ಗೆ ಕಾರಣವೇ ಅಲ್ಲ. ಜಡ್ಜ್ ಎದುರು ಪಾರ್ಟಿಗೆ ನೆಂಟರು, ಅಥವಾ ಹಿಂದೆ ಇದೇ ವ್ಯಾಜ್ಯದಲ್ಲಿ ಅವರ ಲಾಯರ್ ಆಗಿದ್ದರು, ಇಂಥದ್ದು ಕಾರಣ. ಒಂದೇ ಜಮೀನಿನ ಮೇಲೆ ಎರಡು ಕೋರ್ಟುಗಳಲ್ಲಿ ಎರಡು ದಾವೆ ನಡೆಯುತ್ತಿದ್ದರೆ ಅದು ಇನ್ನೂ ಗಟ್ಟಿ ಕಾರಣ. ಒಂದು ಕಡೆ ಹೌದು, ಇನ್ನೊಂದು ಕಡೆ ಅಲ್ಲ ಅಂತ ತೀರ್ಪು ಬಂದರೆ ಗೋಜಲಾಗುತ್ತದೆ ಅಲ್ವಾ? ಓಡಾಟ ಕಷ್ಟ ಅನ್ನುವುದೊಂದೇ ಸಾಲದು. ರಾಮಕೃಷ್ಣ ಹೆಗಡೆಯವರ ದಾವೆ ಬೇರೆ ಕಡೆ ಹೋಗಲಿ ಅಂತ ಸುಬ್ರಮಣಿಯನ್ ಸ್ವಾಮಿ ಅರ್ಜಿ ಹಾಕಿದ್ದಾಗ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತ್ತು: ಅನುಕೂಲ ನೋಡಿದರೆ ಆಗದು, ಅಲ್ಲೇ ನಡೆದರೆ ನ್ಯಾಯ ಸಿಗುವುದಿಲ್ಲ ಅಂತ ತೋರಿಸಬೇಕು.

ಇಷ್ಟು ಹೇಳಿದ ಮೇಲೂ ಅರ್ಜಿ ಹಾಕುತ್ತೀರಾ? ಜಿಲ್ಲೆಯೊಳಗಿನ ಬೇರೆ ಕೋರ್ಟು ಸಾಕಾದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಿ. ಬೇರೆ ಜಿಲ್ಲೆಗೆ ಬೇಕಾದರೆ ಹೈಕೋರ್ಟು. ಅರ್ಜಿ ಹಾಕಿದ ಮಾತ್ರಕ್ಕೆ ಕೆಳಗಿನ ಕೋರ್ಟ್ ಕೈಕಟ್ಟಿ ಕೂರುವುದಿಲ್ಲ, ತಡೆ ಬೇರೆಯೇ ಕೇಳಬೇಕು. ಟ್ರಾನ್ಸ್‌ಫರ್ ಹಾಕಿದ್ದೇವಲ್ಲ ಅಂತ ತಾರೀಖಿಗೆ ಹೋಗದೆ ದಾವೆಯನ್ನೇ ಗೈರುಹಾಜರಿಯಲ್ಲಿ ವಜಾ ಮಾಡಿಸಿಕೊಂಡವರನ್ನು ನೋಡಿದ್ದೇನೆ. ಇನ್ನು ಜಡ್ಜ್ ಲಂಚ ತಿಂದಿದ್ದಾರೆ ಅಂತ ಯಾರೋ ಹೇಳಿದ್ದನ್ನು ಅಫಿಡವಿಟ್ಟಿನಲ್ಲಿ ಸುಮ್ನೆ ಬರೆಯಬೇಡಿ. ಪ್ರಮಾಣ ಮಾಡಿ ಸಹಿ ಹಾಕುವವರು ನೀವು, ಹೋಟೆಲಿನ ಆ ಮನುಷ್ಯ ಅಲ್ಲ. ನ್ಯಾಯಾಂಗ ನಿಂದನೆ ನಿಮ್ಮ ಕೊರಳಿಗೇ ಬರುತ್ತದೆ. ಈ ವಿಷಯದಲ್ಲಿ ನಾನು ಜಾಸ್ತಿ ಹೆದರುವವನು, ಒಪ್ಪಿಕೊಳ್ಳುತ್ತೇನೆ.

ನನ್ನ ಕಕ್ಷಿದಾರರೊಬ್ಬರು ಮಾತು ಕೇಳದೆ ಎಂಟು ತಿಂಗಳು ಟ್ರಾನ್ಸ್‌ಫರ್ ಅರ್ಜಿ ನಡೆಸಿದರು. ಬೇಸಿಗೆ ರಜೆ ಮುಗಿಸಿ ಹೋದರೆ ಆ ಜಡ್ಜೇ ಬೇರೆ ಊರಿಗೆ ವರ್ಗ ಆಗಿದ್ದರು. ಹೊಸಬರು ಆರ್ಡರ್ ಶೀಟ್ ತಿರುವಿ ಕೇಳಿದ ಮೊದಲ ಮಾತು: "ವಾದಿ ಕಡೆ ಸಾಕ್ಷಿಗೆ ಏಳು ಸಲ ಟೈಮ್ ತಗೊಂಡಿದ್ದೀರಿ, ಯಾಕ್ರೀ?"

ಪ್ರಶ್ನೆ: ನಾನು ಕಲಬುರಗಿಯಲ್ಲಿ ತವರಿನಲ್ಲಿದ್ದೇನೆ. ಗಂಡ ಸೊಲ್ಲಾಪುರದಲ್ಲಿ ವಿಚ್ಛೇದನ ಹಾಕಿದ್ದಾರೆ. ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಅರ್ಜಿ ಹಾಕಲಾ?

ಉತ್ತರ: ಬೇಡಮ್ಮ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ತರಿಸುವುದು ಸುಪ್ರೀಂ ಕೋರ್ಟ್ ಮಾತ್ರ, ಕಲಂ 25. ಇದನ್ನು ಸುಪ್ರೀಂ ಕೋರ್ಟೇ 2008ರಲ್ಲಿ ಸ್ಪಷ್ಟವಾಗಿ ಹೇಳಿ ಆಗಿದೆ. ಚಿಕ್ಕ ಮಗು, ಆದಾಯ ಇಲ್ಲ, ಜೊತೆಗೆ ಬರುವವರಿಲ್ಲ, ಇಂಥದ್ದು ಏನಿದ್ದರೂ ದಾಖಲೆ ಸಮೇತ ಅಫಿಡವಿಟ್ಟಿನಲ್ಲಿ ಬರಲಿ.

ಪ್ರಶ್ನೆ: ಟ್ರಾನ್ಸ್‌ಫರ್ ಆದರೆ ಸಾಕ್ಷಿ ಮತ್ತೆ ಮೊದಲಿನಿಂದಾ?

ಉತ್ತರ: ಸಾಮಾನ್ಯವಾಗಿ ನಿಂತಲ್ಲಿಂದಲೇ. ಆದರೆ ಅಧಿಕಾರ ವ್ಯಾಪ್ತಿ ಇಲ್ಲ ಅಂತ ದಾವಾಪತ್ರವನ್ನೇ ವಾಪಸ್ ಕೊಟ್ಟರೆ ಅದು ಟ್ರಾನ್ಸ್‌ಫರ್ ಅಲ್ಲ, ಹೊಸ ದಾವೆ. ಆಗ ಮೊದಲಿನಿಂದಲೇ.

ಪ್ರಶ್ನೆ: 65 ದಾಟಿದವರ ಕೇಸು ತಾನಾಗೇ ಅವರ ಊರಿಗೆ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವಾ?

ಉತ್ತರ: ಸುಳ್ಳು. ಬೇಗ ವಿಚಾರಣೆ ಮಾಡಿ ಅಂತ ಕೇಳಬಹುದು, ಅಷ್ಟೇ.

ಪ್ರಶ್ನೆ: ನಮ್ಮ ಲಾಯರ್ ಇರುವುದು ಬೆಂಗಳೂರಿನಲ್ಲಿ, ಕೇಸು ಶಿರಸಿಯಲ್ಲಿ. ಅವರಿಗೆ ಹತ್ತಿರ ಆಗಲಿ ಅಂತ ಕೇಸನ್ನು ಬೆಂಗಳೂರಿಗೆ ತರಬಹುದಾ?

ಉತ್ತರ: ಶಿರಸಿಯಲ್ಲೂ ಲಾಯರ್‌ಗಳಿದ್ದಾರೆ.