‘ಕೃಪೆ: ಅಂತರ್ಜಾಲ’ ಎಂದು ಬರೆದ ಮಿತ್ರರಿಗೆ

ಭಾಲ್ಕಿಯ ಮಿತ್ರರೇ, ನಮಸ್ಕಾರ.

ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಬಿದರಿ ಕಲೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲಾರೆ. ಕಾರಣ ಹೇಳದೆ ವಾಪಸ್ ಕಳಿಸಲು ಮನಸ್ಸು ಒಪ್ಪಲಿಲ್ಲ.

ಮೊದಲೆರಡು ಪುಟ ನಿಮ್ಮವು. ಕುಶಲಕರ್ಮಿ ಬೀದರ್ ಕೋಟೆಯ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆ ಮೇಲಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದು ನಡೀತದ’ ಅಂದದ್ದನ್ನು ಎದುರಿಗೆ ಕೂತು ನೋಡಿ ಬರೆದಿದ್ದೀರಿ. ಮೂರನೇ ಪುಟದಲ್ಲಿ ಮಾತ್ರ ‘ನಮ್ಮ ಚಿಕ್ಕಪ್ಪನ ಉಗುರಿನ ಸಂದಿಯ ಕಪ್ಪು ಮದುವೆ ದಿನವೂ ಹೋಗಿರಲಿಲ್ಲ’ ಎಂಬ ಸಾಲು ಬಂತು. ಪರಿಚಯದಲ್ಲಿ ನೀವು ಒಕ್ಕಲುತನದ ಮನೆಯವರು ಎಂದಿದೆ. ಸಂಶಯ ಬಂದು ಹುಡುಕಿದೆ. ಬಿದರಿ ಕೆಲಸದ ಮನೆಯ ಹುಡುಗನೊಬ್ಬ ಫೇಸ್‌ಬುಕ್‌ನಲ್ಲಿ ಬರೆದ ಎರಡು ಪ್ಯಾರಾ, ಅಲ್ಪವಿರಾಮದ ಸಮೇತ ನಿಮ್ಮಲ್ಲಿವೆ. ಹೂಜಿಯ ಫೋಟೊ ಕೂಡ ಅವನದೇ. ಕೆಳಗೆ ‘ಕೃಪೆ: ಅಂತರ್ಜಾಲ’ ಎಂದಿದ್ದೀರಿ. ಅಂತರ್ಜಾಲ ಅದನ್ನು ಬರೆಯಲಿಲ್ಲ, ಆ ಹುಡುಗ ಬರೆದ.

ಫೋನಿನಲ್ಲಿ ಕೇಳಿದಾಗ ನೀವು, ‘ಸರ್, ಪಬ್ಲಿಕ್ ಪೋಸ್ಟ್ ಅದ, ಶೇರ್ ಬಟನ್ನೂ ಕೊಟ್ಟಾರ’ ಅಂದಿರಿ. ಶೇರ್ ಮಾಡಿದರೆ ಅವನ ಬರಹ ಅವನ ಹೆಸರಿನ ಜೊತೆಗೇ ಹೋಗುತ್ತದೆ. ನೀವು ಮಾಡಿದ್ದು ಹೆಸರು ಬಿಡಿಸಿ ತೆಗೆದುಕೊಂಡದ್ದು. ಖಾತೆ ತೆರೆಯುವಾಗ ಬರಹವನ್ನು ತೋರಿಸಲು, ಹಂಚಲು ಕಂಪನಿಗೆ ಅನುಮತಿ ಕೊಟ್ಟಿರುತ್ತೇವೆ, ನಿಜ. ಒಡೆತನ ಮಾತ್ರ ಬರೆದವನ ಹತ್ತಿರವೇ ಉಳಿಯುತ್ತದೆ. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಬರೆದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಡಬೇಕಾದರೆ ಸಹಿ ಇರುವ ಕಾಗದ ಬೇಕು, ಅದರಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಅಷ್ಟೇ. ಹಕ್ಕು ಮಾರಿದ ಮೇಲೂ ‘ಇದು ನನ್ನ ಬರಹ’ ಎಂದು ಹೇಳಿಕೊಳ್ಳುವ ಅಧಿಕಾರ ಲೇಖಕನಿಗೆ ಉಳಿಯುತ್ತದೆ. ನನಗೆ ಇಡೀ ಕಾಯ್ದೆಯಲ್ಲಿ ಬಹಳ ಇಷ್ಟವಾದ ಮಾತು ಅದು.

ಯಾಕೆಂದರೆ ಆ ನೋವು ನನಗೆ ಗೊತ್ತು. ಕಲಬುರಗಿಯಲ್ಲಿ ತೊಗರಿ ರಾಶಿಯ ರಾತ್ರಿ ನಮ್ಮವ್ವ ಕಣದಲ್ಲಿ ಕಾವಲು ಕೂತದ್ದನ್ನು ಒಮ್ಮೆ ಬರೆದಿದ್ದೆ. ಅದು ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ನನಗೇ ವಾಪಸ್ ಬಂತು. ನನ್ನ ಹೆಸರು ಇರಲಿಲ್ಲ, ಕೆಳಗೆ ‘ಸಂಗ್ರಹ’ ಎಂದಿತ್ತು. ನಮ್ಮವ್ವನನ್ನು ಯಾರೋ ಸಂಗ್ರಹಿಸಿದ್ದರು.

ಹಾಗಂತ ಎಲ್ಲದಕ್ಕೂ ಹೆದರಬೇಡಿ. ಸತು, ತಾಮ್ರ ಕೂಡಿಸಿ ಎರಕ ಹೊಯ್ಯುವುದು, ಬೆಳ್ಳಿ ತಂತಿ ಕೂರಿಸುವುದು, ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕ, ಅಂದರೆ ಇದು ಈ ಊರಿನದೇ ಎಂಬ ಸರ್ಕಾರಿ ಗುರುತು, ಸಿಕ್ಕದ್ದು, ಇಂಥ ಸಂಗತಿಗಳಿಗೆ ಯಾರೂ ಒಡೆಯರಲ್ಲ. ಅವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ವಿಮರ್ಶೆ ಮಾಡುವಾಗ ಒಂದೆರಡು ಸಾಲನ್ನು ಹೆಸರು ಹೇಳಿ ಉದ್ಧರಿಸಬಹುದು.

ಪತ್ರದ ಕೊನೆಗೆ ನೀವು ಕೇಳಿದ್ದೀರಿ: ‘ನನ್ನ ಕವಿತೆಗಳನ್ನು ಫೇಸ್‌ಬುಕ್‌ಗೆ ಹಾಕಿಬಿಟ್ಟೆ, ಹಕ್ಕು ಹೋಯಿತೇ?’ ಇಲ್ಲ, ಹೋಗಿಲ್ಲ. ಆ ಹುಡುಗನದೂ ಹೋಗಿಲ್ಲ.

ಇವತ್ತೇ ಅವನಿಗೆ ಮೆಸೇಜ್ ಮಾಡಿ, ನಡೆದದ್ದು ಹೇಳಿ, ಅನುಮತಿ ಕೇಳಿ. ಒಪ್ಪಿದರೆ ಆ ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಂಡು ನನಗೂ ಕಳಿಸಿ, ಆ ಭಾಗವೂ ಫೋಟೊವೂ ಅವನ ಹೆಸರಿನಲ್ಲೇ ಬರಲಿ. ಒಪ್ಪದಿದ್ದರೆ ಎರಡನ್ನೂ ತೆಗೆದುಹಾಕಿ, ಮತ್ತೊಮ್ಮೆ ಆ ಕುಶಲಕರ್ಮಿಯ ಹತ್ತಿರ ಹೋಗಿ. ಕುದಿಸಿದ ಮಣ್ಣಿನ ನೀರಿನಲ್ಲಿ ಹೂಜಿ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದನ್ನು ನೀವಿನ್ನೂ ಬರೆದಿಲ್ಲ. ಆ ಪುಟಕ್ಕೆ ಜಾಗ ಕಾಯ್ದಿಟ್ಟಿರುತ್ತೇನೆ.