ಗೋಡೆಯೇ ಕಂಬವಾಗಿರುವ ಕಟ್ಟಡಕ್ಕೆ ಒಂದು ಪುಟದ ಪ್ರಮಾಣಪತ್ರ ಸಾಕೆ?

ಪ್ರಶ್ನೆ: ನಮ್ಮದು ನಾಲ್ಕು ಅಂತಸ್ತಿನ ಹಳೆಯ ಅಪಾರ್ಟ್‌ಮೆಂಟ್. ಕಾಲಂಗಳಿಲ್ಲ, ಇಟ್ಟಿಗೆ ಗೋಡೆಗಳೇ ಇಡೀ ಭಾರವನ್ನು ಹೊತ್ತಿವೆ. ಅಲ್ಲಲ್ಲಿ ಬಿರುಕು ಕಾಣಿಸಿದ್ದರಿಂದ ನಿವಾಸಿಗಳ ಸಂಘವು ಎಂಜಿನಿಯರೊಬ್ಬರನ್ನು ಕರೆಸಿತು. ಅವರು ಒಂದು ಗಂಟೆ ಸುತ್ತಾಡಿ, ರೀಬೌಂಡ್ ಹ್ಯಾಮರ್‌ನಿಂದ ಕೆಲವೆಡೆ ಪರೀಕ್ಷಿಸಿ, ‘ಕಟ್ಟಡ ಸುರಕ್ಷಿತವಾಗಿದೆ’ ಎಂದು ಒಂದು ಪುಟದ ಪತ್ರ ಕೊಟ್ಟಿದ್ದಾರೆ. ನಂಬಬಹುದೆ?

ಉತ್ತರ: ಆ ಪತ್ರವನ್ನು ಮೊದಲ ಭೇಟಿಯ ಟಿಪ್ಪಣಿ ಎಂದು ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚಿನ ಬೆಲೆ ಅದಕ್ಕಿಲ್ಲ. ರೀಬೌಂಡ್ ಹ್ಯಾಮರ್ ಕಾಂಕ್ರೀಟಿನ ಮೇಲ್ಮೈ ಎಷ್ಟು ಗಟ್ಟಿ ಎಂಬುದನ್ನು ಅಂದಾಜು ಮಾಡಲು ಬಳಸುವ ಸಾಧನ. ಅದನ್ನು ಪ್ಲಾಸ್ಟರ್ ಮಾಡಿದ ಗೋಡೆಗೆ ಒತ್ತಿದರೆ ಸಿಗುವುದು ಪ್ಲಾಸ್ಟರಿನ ಗಟ್ಟಿತನವೇ ಹೊರತು ಅದರ ಹಿಂದಿನ ಇಟ್ಟಿಗೆ ಮತ್ತು ಗಾರೆಯ ಬಲವಲ್ಲ.

ಇಂಥ ಕಟ್ಟಡದ ಪರಿಶೀಲನೆ ಆರಂಭವಾಗಬೇಕಾದದ್ದು ಬಿರುಕಿನಿಂದಲೂ ಅಲ್ಲ, ಭಾರ ಇಳಿದುಬರುವ ದಾರಿಯಿಂದ. ತಾರಸಿಯ ಸ್ಲ್ಯಾಬ್ ಯಾವ ಗೋಡೆಯ ಮೇಲೆ ಕೂತಿದೆ, ಆ ಗೋಡೆಯ ನೇರ ಕೆಳಗೆ ಪ್ರತಿ ಅಂತಸ್ತಿನಲ್ಲೂ ಗೋಡೆ ಇದೆಯೆ, ಎಲ್ಲಾದರೂ ಒಂಬತ್ತಿಂಚಿನ ಗೋಡೆ ನಾಲ್ಕೂವರೆ ಇಂಚಿಗೆ ಇಳಿದಿದೆಯೆ ಎಂಬುದನ್ನು ಪ್ರತಿ ಮನೆಯೊಳಗೂ ಹೋಗಿ ಅಳೆದು ನಕ್ಷೆಗೆ ಇಳಿಸಬೇಕು. ಮೂಲ ನಕ್ಷೆ ಸಿಕ್ಕರೂ ಅದನ್ನೇ ನೆಚ್ಚಬಾರದು. ಇಷ್ಟು ವರ್ಷಗಳಲ್ಲಿ ಯಾರೋ ಅಡುಗೆಮನೆಯ ಗೋಡೆ ಒಡೆಸಿರುತ್ತಾರೆ, ಇನ್ಯಾರೋ ವಿದ್ಯುತ್ ಪೈಪಿಗಾಗಿ ಗೋಡೆಯನ್ನು ಅಡ್ಡಡ್ಡ ಕೊರೆಸಿರುತ್ತಾರೆ, ಮೇಲೆ ಹೊಸ ನೀರಿನ ಟ್ಯಾಂಕ್ ಬಂದಿರುತ್ತದೆ. 5,000 ಲೀಟರ್ ಎಂದರೆ ನೀರೇ ಐದು ಟನ್ ಎಂಬುದು ಟ್ಯಾಂಕ್ ಕೂರಿಸುವ ದಿನ ಯಾರಿಗೂ ನೆನಪಾಗುವುದಿಲ್ಲ.

ಆಮೇಲೆ ಬಿರುಕುಗಳ ಮಾತು. ಅಗಲವಾದ ಬಿರುಕೇ ಹೆಚ್ಚು ಅಪಾಯಕಾರಿ ಎಂಬ ನಂಬಿಕೆ ಸರಿಯಲ್ಲ. ಮೇಲಂತಸ್ತಿನಲ್ಲಿ, ತಾರಸಿಯ ಸ್ಲ್ಯಾಬಿನ ಕೆಳಗೆ ಅಡ್ಡವಾಗಿ ಓಡುವ ಬಿರುಕು ಸಾಮಾನ್ಯವಾಗಿ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗುವುದರಿಂದ ಬರುತ್ತದೆ. ನೀರು ಒಳಗಿಳಿಯದಂತೆ ನೋಡಿಕೊಂಡರೆ ಅದು ಅಷ್ಟಾಗಿ ಕಾಡುವುದಿಲ್ಲ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಇಳಿಯುವ ಬಿರುಕು ತಳಪಾಯದ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಕುಸಿದಿರುವುದನ್ನು ಸೂಚಿಸಬಹುದು, ಹಾಗಾಗಿ ಒಡೆದ ಚರಂಡಿ ಅಥವಾ ಸೋರುವ ಪೈಪ್ ಹತ್ತಿರದಲ್ಲಿದೆಯೇ ಎಂದು ಹುಡುಕಬೇಕು. ನಾನು ಹೆಚ್ಚು ಹೆದರುವುದು ನೆಲಮಹಡಿಯಲ್ಲಿ ಎರಡು ಬಾಗಿಲುಗಳ ನಡುವೆ ಉಳಿದಿರುವ ಕಿರಿದಾದ ಗೋಡೆಯ ಮೈಯಲ್ಲಿ ನೆಟ್ಟಗೆ ಮೂಡುವ ಕೂದಲೆಳೆಯಂಥ ಬಿರುಕುಗಳಿಗೆ. ಭಾರ ಹೆಚ್ಚಿದಾಗ ಇಟ್ಟಿಗೆಗಿಂತ ಮೆದುವಾದ ಗಾರೆ ಪಕ್ಕಕ್ಕೆ ಹಿಗ್ಗಲು ನೋಡುತ್ತದೆ, ತನಗಂಟಿದ ಇಟ್ಟಿಗೆಯನ್ನೂ ಪಕ್ಕಕ್ಕೆ ಎಳೆಯುತ್ತದೆ; ಒತ್ತಡವನ್ನು ಚೆನ್ನಾಗಿ ತಾಳುವ ಇಟ್ಟಿಗೆ ಎಳೆತವನ್ನು ತಾಳಲಾರದೆ ಉದ್ದುದ್ದ ಸೀಳುತ್ತದೆ. ಅದಕ್ಕೆ ಗಾರೆ ತುಂಬಿ ಬಣ್ಣ ಹೊಡೆಸುವುದೆಂದರೆ ಸಾಕ್ಷ್ಯವನ್ನು ಮುಚ್ಚಿದಂತೆ.

ಅನುಮಾನವಿರುವ ಕಡೆ ಪ್ಲಾಸ್ಟರ್ ಕೆರೆದು ಇಟ್ಟಿಗೆ, ಗಾರೆ, ಎರಡು ಗೋಡೆ ಸೇರುವ ಮೂಲೆಯ ಬೆಸುಗೆ, ಬಾಗಿಲು-ಕಿಟಕಿಗಳ ಮೇಲಿನ ಅಡ್ಡತೊಲೆಯ (ಲಿಂಟಲ್) ತುದಿ ಇವನ್ನು ಕಣ್ಣಾರೆ ನೋಡಬೇಕು. ಮೊಳೆಯಿಂದ ಗೀರಿದರೆ ಪುಡಿಯಾಗಿ ಉದುರುವ ಗಾರೆ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಗೋಡೆ ಈಗ ಎಷ್ಟು ಒತ್ತಡದಲ್ಲಿದೆ ಎಂದು ಅಳೆಯಲು ಫ್ಲಾಟ್ ಜ್ಯಾಕ್ ಎಂಬ ಪರೀಕ್ಷೆ ಇದೆ. ಗಾರೆಯ ಒಂದು ಅಡ್ಡ ಸಾಲಿನ ಮೇಲೂ ಕೆಳಗೂ ಗುರುತಿನ ಬಿಂದುಗಳನ್ನು ಅಂಟಿಸಿ, ಅವುಗಳ ಅಂತರವನ್ನು ಸೂಕ್ಷ್ಮವಾಗಿ ಅಳೆದು, ನಡುವಿನ ಗಾರೆಯನ್ನು ಕೊರೆದು ತೆಗೆಯುತ್ತಾರೆ. ಮೇಲಿನ ಭಾರಕ್ಕೆ ಆ ಸೀಳು ಕಣ್ಣಿಗೆ ಕಾಣದಷ್ಟು ಮುಚ್ಚಿಕೊಳ್ಳುತ್ತದೆ. ಆಗ ತೆಳುವಾದ ಉಕ್ಕಿನ ಚೀಲದಂಥ ಜ್ಯಾಕನ್ನು ಒಳಗಿಟ್ಟು, ಬಿಂದುಗಳು ಮೊದಲಿನ ಅಂತರಕ್ಕೆ ಬರುವವರೆಗೆ ಎಣ್ಣೆಯ ಒತ್ತಡ ಏರಿಸುತ್ತಾರೆ. ಜ್ಯಾಕಿನ ಅಳತೆಗೆ ತಕ್ಕಂತೆ ಸರಿಪಡಿಸಿದ ಆ ಒತ್ತಡವೇ ಗೋಡೆಯೊಳಗಿನ ಒತ್ತಡ. ಎರಡು ಜ್ಯಾಕ್‌ಗಳ ನಡುವೆ ಗೋಡೆಯ ತುಂಡನ್ನು ಒತ್ತಿ ನೋಡಿದರೆ ಅದು ಇನ್ನೂ ಎಷ್ಟು ತಾಳಬಲ್ಲದು ಎಂಬ ಅಂದಾಜೂ ದೊರೆಯುತ್ತದೆ. ಭೂಕಂಪದ ಸಾಧ್ಯತೆಯಿರುವ ಜಾಗದಲ್ಲಿ ಗೋಡೆ-ಗೋಡೆ ಮತ್ತು ಗೋಡೆ-ಸ್ಲ್ಯಾಬ್ ಹಿಡಿತದ ಲೆಕ್ಕವನ್ನು ಪ್ರತ್ಯೇಕವಾಗಿಯೇ ಮಾಡಬೇಕು.

ಹೀಗಾಗಿ ಎಂಜಿನಿಯರರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ ತೆರೆದು ನೋಡಿದಿರಿ, ಯಾವ ಮನೆಯೊಳಗೆ ಹೋಗಲಾಗಲಿಲ್ಲ? ಫ್ರಾನ್ಸಿನ ಮಾರ್ಸೇ ನಗರದಲ್ಲಿ 2018ರ ನವೆಂಬರ್ 5ರಂದು ಅಕ್ಕಪಕ್ಕದ ಹಳೆಯ ಕಟ್ಟಡಗಳು ಕುಸಿದು 8 ಮಂದಿ ಸತ್ತರು. ಅವುಗಳಲ್ಲಿ ಜನ ವಾಸವಿದ್ದ ಕಟ್ಟಡವನ್ನು ಅದಕ್ಕೂ ಮೊದಲು, ಅಕ್ಟೋಬರ್ 18ರಂದು ತೆರವು ಮಾಡಿಸಲಾಗಿತ್ತು. ತಜ್ಞರೊಬ್ಬರು ನೋಡಿ ಹೋದ ಬಳಿಕ ನಿವಾಸಿಗಳಲ್ಲಿ ಹೆಚ್ಚಿನವರು ಮನೆಗೆ ಮರಳಿದ್ದರು.

ಪ್ರಶ್ನೆ: ಬಿರುಕು ಬೆಳೆಯುತ್ತಿದೆಯೇ ಎಂದು ನಾವೇ ತಿಳಿಯಬಹುದೆ?

ಉತ್ತರ: ತಿಳಿಯಬಹುದು. ಪ್ಲಾಸ್ಟರ್ ತೆಗೆದ ಜಾಗದಲ್ಲಿ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗಳಲ್ಲಿ ಗಟ್ಟಿಯಾಗಿ ಅಂಟಿಸಿ ದಿನಾಂಕ ಬರೆದಿಡಿ. ಗಾಜು ಒಡೆದರೆ ಗೋಡೆ ಅಲುಗಿದೆ ಎಂದರ್ಥ. ಬಿರುಕಿನ ತುದಿಗೂ ಪೆನ್ಸಿಲ್ ಗೆರೆ ಹಾಕಿ. ಮಳೆಗಾಲ, ಬೇಸಿಗೆ ಎರಡನ್ನೂ ದಾಟಿದ ದಾಖಲೆ ಇದ್ದರೆ ಎಂಜಿನಿಯರರಿಗೆ ಬಹಳ ಉಪಯೋಗ.

ಪ್ರಶ್ನೆ: ನೆಲಮಹಡಿಯವರು ಹಾಲ್ ದೊಡ್ಡದು ಮಾಡಲು ಒಂದು ಗೋಡೆ ತೆಗೆಯುತ್ತಾರಂತೆ. ತಮ್ಮ ಮನೆಯ ಗೋಡೆ ತಮ್ಮಿಷ್ಟ ಎನ್ನುತ್ತಾರೆ.

ಉತ್ತರ: ಭಾರ ಹೊರುವ ಗೋಡೆಯಾದರೆ ಅದರ ಮೇಲೆ ಮೂರು ಅಂತಸ್ತಿನವರ ಮನೆಗಳಿವೆ. ಲೆಕ್ಕ ಹಾಕಿ ಬದಲಿ ತೊಲೆಯ ವಿನ್ಯಾಸ ಮಾಡಿ, ಆಸರೆ ಕೊಟ್ಟ ಮೇಲಲ್ಲದೆ ಒಂದು ಇಟ್ಟಿಗೆಯನ್ನೂ ತೆಗೆಯಬಾರದು. ಕೆಲಸ ಶುರುವಾಗುವ ಮೊದಲೇ ಸಂಘದಿಂದ ಲಿಖಿತವಾಗಿ ತಡೆಯಿರಿ.

ಪ್ರಶ್ನೆ: ಯಾವ ಲಕ್ಷಣ ಕಂಡರೆ ವರದಿಗೆ ಕಾಯದೆ ಮನೆ ಬಿಡಬೇಕು?

ಉತ್ತರ: ಕೆಳಗಿನ ಗೋಡೆಗಳಲ್ಲಿ ದಿನದಿಂದ ದಿನಕ್ಕೆ ಬೆಳೆಯುವ ನೇರ ಬಿರುಕು, ಹೊಟ್ಟೆ ಉಬ್ಬಿದಂತೆ ಹೊರಚಾಚುವ ಗೋಡೆ, ಇದ್ದಕ್ಕಿದ್ದಂತೆ ಉದುರುವ ಪ್ಲಾಸ್ಟರ್, ಗೋಡೆಯೊಳಗಿಂದ ಕೇಳುವ ಚಟಚಟ ಸದ್ದು, ನಿನ್ನೆಯವರೆಗೆ ಸರಾಗವಾಗಿದ್ದು ಇಂದು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವ ಬಾಗಿಲು. ಮಾರ್ಸೇಯ ಆ ಕಟ್ಟಡದಲ್ಲೂ ಕುಸಿತಕ್ಕೆ ಮುನ್ನಿನ ದಿನಗಳಲ್ಲಿ ಬಾಗಿಲುಗಳು ಸರಿಯಾಗಿ ತೆರೆಯುತ್ತಿಲ್ಲ, ಮುಚ್ಚುತ್ತಿಲ್ಲ ಎಂದು ನಿವಾಸಿಗಳು ದೂರಿದ್ದರು.