ಟೆರೇಸಿನಲ್ಲಿ ಹದ್ದು ಎರಗುತ್ತಿದ್ದರೆ ಏನು ಮಾಡೋದು

ಕುವೆಂಪುನಗರದ ಅಕ್ಕ, ಮನೆ ಮುಂದಿನ ಮಳೆಮರದಲ್ಲಿ ಹದ್ದು ಗೂಡು ಕಟ್ಟಿದೆ, ಬಟ್ಟೆ ಒಣಹಾಕೋಕೆ ಹೋದರೆ ತಲೆಗೆ ಎರಗುತ್ತೆ, ನಾಟಿ ಕೋಳಿಮರಿಗಳೂ ಮಾಯವಾಗ್ತಿವೆ, ಕೊಂಬೆ ಕಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗ ಕಡಿಸಬೇಡಿ.

ಫೋಟೋದಲ್ಲಿ ಮೈಯೆಲ್ಲ ಕಂದು, ಬಾಲದ ತುದಿ ಕವಲು. ಇದು ಮಾಮೂಲಿ ಹದ್ದು. ಕುಕ್ಕರಹಳ್ಳಿ ಕೆರೆ ಮೇಲೆ ಸುತ್ತುವ ಗರುಡ ಬೇರೆ, ಅದರ ತಲೆ, ಎದೆ ಬೆಳ್ಳಗೆ. ಹದ್ದು ಒಂದು ತಿಂಗಳು ಕಾವು ಕೂರುತ್ತೆ, ಆಮೇಲೆ ಮರಿ ಹಾರಲು ಆರೇಳು ವಾರ ಬೇಕು. ಇಷ್ಟು ಜೋರಾಗಿ ಎರಗ್ತಿದೆ ಅಂದ್ರೆ ಗೂಡಲ್ಲಿ ಮರಿ ಇರಬೇಕು. ಕೆಲವು ವಾರ ತಡೆದರೆ ಸಾಕು, ಮರಿ ಹಾರಿದ ಮೇಲೆ ಈ ಕಾಟ ತಾನೇ ನಿಲ್ಲುತ್ತೆ.

ಅಲ್ಲಿವರೆಗೆ ಟೆರೇಸಿಗೆ ಛತ್ರಿ ಬಿಚ್ಚಿಕೊಂಡು ಹೋಗಿ. ಹದ್ದು ಹೆಚ್ಚಾಗಿ ಹಿಂದಿನಿಂದ ಬರುತ್ತೆ, ಹಾಗಾಗಿ ಗೂಡಿಗೆ ಬೆನ್ನು ಹಾಕಬೇಡಿ. ಬಟ್ಟೆ ದಾರವನ್ನು ಗೂಡಿನಿಂದ ದೂರದ ಮೂಲೆಗೆ ಬದಲಾಯಿಸಿ. ಕಲ್ಲು, ಪಟಾಕಿ ಮಾತ್ರ ಬೇಡವೇ ಬೇಡ. ಅದರಿಂದ ಎರಗೋದು ಇನ್ನೂ ಜಾಸ್ತಿಯಾಗುತ್ತೆ.

ಇನ್ನು ಕೋಳಿಮರಿ. ಕದಿಯೋದು ಹದ್ದೇನಾ ಅಂತ ಮೊದಲು ನೋಡಿ. ರಾತ್ರಿ ಹೊತ್ತು ಕಡಿಮೆಯಾಗ್ತಿದ್ದರೆ ಅದು ಬೆಕ್ಕು ಇಲ್ಲಾ ಹೆಗ್ಗಣದ ಕೆಲಸ. ಹಗಲಲ್ಲಾದರೆ ಶಿಕ್ರಾ ಕೂಡ ಇರಬಹುದು. ಪಾರಿವಾಳದಷ್ಟೇ ಗಾತ್ರದ ಗಿಡುಗ ಅದು, ಬೂದು ಬೆನ್ನು, ಬಾಲಕ್ಕೆ ಪಟ್ಟೆ. ಹದ್ದಿನ ಹಾಗೆ ಮೇಲೆ ಸುತ್ತುತ್ತಾ ಕೂರಲ್ಲ, ಕಾಂಪೌಂಡ್ ಪಕ್ಕದಲ್ಲೇ ತಗ್ಗಾಗಿ, ಸದ್ದಿಲ್ಲದೆ ನುಗ್ಗುತ್ತೆ. ಅಳಿಲುಗಳು ಒಂದೇ ಸಮನೆ ಚಿಕ್ ಚಿಕ್ ಅಂತ ಕೂಗೋಕೆ ಶುರು ಮಾಡಿದರೆ ಒಮ್ಮೆ ನುಗ್ಗೆಮರದ ಒಳಗೊಂಬೆ ನೋಡಿ. ಹಿಡಿದಿದ್ದನ್ನು ಅಲ್ಲೇ ಕಾಲಡಿ ಒತ್ತಿಕೊಂಡು ಪುಕ್ಕ ಕೀಳುತ್ತಾ ಕೂತಿರುತ್ತೆ, ಕೆಳಗೆ ಸಣ್ಣ ಸಣ್ಣ ಪುಕ್ಕ ಉದುರಿರುತ್ತವೆ.

ಯಾವುದೇ ಆಗಲಿ, ಉಪಾಯ ಒಂದೇ, ಮೇಲೆ ಮುಚ್ಚಿಗೆ ಬೇಕು. ಸಣ್ಣ ಮರಿಗೆ ಮಂಕರಿ ಕವುಚಿದರೂ ನಡೆಯುತ್ತೆ. ಸ್ವಲ್ಪ ಬೆಳೆದಿದ್ದರೆ ಚೌಕಟ್ಟು ಮಾಡಿ ಕಬ್ಬಿಣದ ಮೆಶ್ ಬಿಗಿಯಾಗಿ ಹೊಡೆಸಿ. ತೆಳು ನೈಲಾನ್ ಬಲೆ ಜೋತುಬಿದ್ದರೆ ಹಕ್ಕಿಗಳ ಕಾಲು, ರೆಕ್ಕೆ ಸಿಕ್ಕಿಕೊಂಡು ಸಾಯುತ್ತವೆ. ಕೋಳಿ ಅಂಗಡಿಯ ಚರ್ಮ, ಕರುಳು ಬೀದಿಯಲ್ಲಿ ಬೀಳ್ತಿದ್ದರೆ ಅದನ್ನು ಮುಚ್ಚಿಡೋಕೆ ಅಂಗಡಿಯವರಿಗೆ ಹೇಳಿ, ಹದ್ದು ಸೇರೋದೇ ಅದಕ್ಕೆ.

ಹೆಗ್ಗಣದ ಕಾಟ ಅಂತ ದಯವಿಟ್ಟು ಇಲಿ ಪಾಷಾಣ ಇಡಬೇಡಿ. ವಿಷ ತಿಂದು ತೂರಾಡುವ ಇಲಿಯನ್ನು ಹದ್ದು, ಗೂಬೆ ಸುಲಭವಾಗಿ ಹಿಡಿಯುತ್ತವೆ, ಆ ವಿಷ ಅವುಗಳ ಹೊಟ್ಟೆಗೂ ಹೋಗುತ್ತೆ. ಇಲಿ ಬೋನು ಸಾಕು.

ಹದ್ದಿನ ಮರಿ ಕೆಳಗೆ ಬಿದ್ದರೆ ಗಾಬರಿ ಬೇಡ. ಪುಕ್ಕ ಬಂದು ಕುಪ್ಪಳಿಸ್ತಿದ್ದರೆ ನಾಯಿ, ಬೆಕ್ಕು ಹತ್ತಿರ ಬರದ ಹಾಗೆ ನೋಡಿಕೊಳ್ಳಿ, ತಾಯಿ ಬಂದು ತಿನ್ನಿಸುತ್ತೆ. ಗಾಯ ಆಗಿದ್ದರೆ ದಪ್ಪ ಟವೆಲ್ ಹೊದಿಸಿ ಎತ್ತಿ. ಕೊಕ್ಕಿಗಿಂತ ಉಗುರಿನಿಂದಲೇ ಜಾಸ್ತಿ ಪೆಟ್ಟಾಗೋದು, ಮೊದಲು ಕಾಲು ಹಿಡಿಯಿರಿ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ. ಹಾಲು, ಬ್ರೆಡ್ ಕೊಡಬೇಡಿ, ಬಾಯಿಗೆ ನೀರೂ ಬಿಡಬೇಡಿ.

ಕೊಂಬೆ ಕಡಿಸಿ ಅಂತ ಅಕ್ಕಪಕ್ಕದವರು ಒತ್ತಾಯ ಮಾಡಿದರೆ ಕಾನೂನು ಹೇಳಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹದ್ದಿಗೂ ರಕ್ಷಣೆ ಇದೆ. ರಸ್ತೆ ಮರ ಕಡಿಯೋಕೆ ಅನುಮತಿಯೂ ಬೇಕು. ಕೊಂಬೆ ನಿಜಕ್ಕೂ ಕರೆಂಟ್ ತಂತಿಗೆ ತಾಗ್ತಿದ್ದರೆ ಮರಿಗಳು ಹಾರಿಹೋದ ಮೇಲೆ ಅರ್ಜಿ ಕೊಡಿ.